ನಿತ್ಯದ ಊಟದಲ್ಲಿ ಅಗಸೆ ಮತ್ತು ಎಳ್ಳು: ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ದುಬಾರಿ ಬೀಜಗಳ ಪೊಟ್ಟಣ ಕೊಳ್ಳುವ ಮೊದಲು, ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಜೊತೆ ಇಂದಿಗೂ ಬಡಿಸುವ ಅಗಸೆ ಚಟ್ನಿಪುಡಿಯನ್ನು ತಾವೆಲ್ಲರೂ ರೂಢಿಸಿಕೊಳ್ಳಬೇಕೆಂದು ಕೋರುತ್ತೇನೆ. 100 ಗ್ರಾಂ ಅಗಸೆಯಲ್ಲಿ ಸುಮಾರು 27 ಗ್ರಾಂ ನಾರಿನಂಶವೂ 20 ಗ್ರಾಂಗಿಂತ ಹೆಚ್ಚು ಒಮೆಗಾ-3 ಕೊಬ್ಬೂ ಇವೆ. ಆದರೆ ಇಡೀ ಬೀಜವನ್ನು ಹಾಗೆಯೇ ನುಂಗಿದರೆ ಅದರ ಗಟ್ಟಿ ಸಿಪ್ಪೆ ಸರಿಯಾಗಿ ಜೀರ್ಣವಾಗದೆ ಬಹುಪಾಲು ಸತ್ವ ದೇಹಕ್ಕೆ ದಕ್ಕದಿರುವುದರಿಂದ, ಪುಡಿ ಮಾಡಿಯೇ ಬಳಸಬೇಕು.

ಸಣ್ಣ ಉರಿಯಲ್ಲಿ, ಬೀಜ ಚಟಪಟ ಸಿಡಿದು ಘಮ ಬರುವವರೆಗೆ ಮಾತ್ರ ಹುರಿದು, ಆರಿದ ಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಮತ್ತು ಚೂರು ಹುಣಸೆಹಣ್ಣು ಸೇರಿಸಿ ತರಿತರಿಯಾಗಿ ಕುಟ್ಟಿಕೊಳ್ಳಿ. ನಮ್ಮ ಮನೆಯಲ್ಲಿ ವಾರಕ್ಕಾಗುವಷ್ಟನ್ನು ಮಾತ್ರ ಮಾಡುತ್ತೇವೆ, ಏಕೆಂದರೆ ಪುಡಿಯಾದ ಅಗಸೆಯ ಎಣ್ಣೆ ಗಾಳಿ ತಗುಲಿ ಬೇಗ ಕಮಟಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಾಧ್ಯವಾದರೆ ಫ್ರಿಜ್‌ನಲ್ಲಿ ಇಡಿ.

ದಿನಕ್ಕೆ ಒಂದು ಚಮಚದಿಂದ ಆರಂಭಿಸಿ, ನೀರನ್ನು ಸಾಕಷ್ಟು ಕುಡಿಯಿರಿ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಸುಣ್ಣದಂಶ ಹೇರಳವಾಗಿದೆ, ಅದನ್ನೂ ಪಲ್ಯದ ಮೇಲೆ ಉದುರಿಸಬಹುದು. ಎಳ್ಳಿನ ಅಲರ್ಜಿ ಇರುವವರು ಅದನ್ನು ಬಿಡಬೇಕು; ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಅಗಸೆಯನ್ನು ಆರಂಭಿಸಬೇಕಾಗಿ ವಿನಂತಿ.