ಒಂದೇ ಕೊಳವೆಗೆ ಎರಡು ಸಲ ದುಡ್ಡು ಬೇಡ: ನಗರಾಡಳಿತಕ್ಕೆ ಹೊಸ ಬಡಾವಣೆ ನಿವಾಸಿಗಳ ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ನಗರಾಡಳಿತ

ವಿಷಯ: ಹೊಸ ಬಡಾವಣೆಗಳ ನೀರು ಮತ್ತು ಒಳಚರಂಡಿ ಕೊಳವೆಗಳ ಖರ್ಚನ್ನು ಯಾರು ಕೊಡಬೇಕು ಎಂದು ಮೊದಲೇ ತೀರ್ಮಾನಿಸುವ ಬಗ್ಗೆ

ಮಾನ್ಯರೇ,

ನಾವು ಇಲ್ಲಿ ಮನೆ ಕೊಂಡಾಗ ನೀರು, ಒಳಚರಂಡಿ ಎಲ್ಲ ಸೇರಿಯೇ ಈ ಬೆಲೆ ಎಂದು ಕರಾರಿನಲ್ಲಿ ಬರೆದಿತ್ತು. ನಂಬಿ ದುಡ್ಡು ಕಟ್ಟಿದೆವು. ಬಂದು ನೋಡಿದರೆ ಬೀದಿಯಲ್ಲಿ ಕೊಳವೆ ಇದೆ, ಆದರೆ ಅದು ಮುಖ್ಯ ಕೊಳವೆಗೆ ಸೇರಿಯೇ ಇಲ್ಲ. ಬಡಾವಣೆ ಮಾಡಿದವರು "ಗೇಟಿನವರೆಗೆ ಮಾತ್ರ ನಮ್ಮ ಹೊಣೆ" ಎನ್ನುತ್ತಾರೆ. ಕಚೇರಿಗೆ ಬಂದರೆ "ಬಡಾವಣೆ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ" ಎಂಬ ಉತ್ತರ. ಈಗ ಜೋಡಣೆಯ ಖರ್ಚನ್ನು ಮನೆಗಿಷ್ಟು ಎಂದು ನಮ್ಮಿಂದಲೇ ವಸೂಲು ಮಾಡುವ ಮಾತು ಕೇಳಿಬರುತ್ತಿದೆ. ಒಂದೇ ಕೊಳವೆಗೆ ಎರಡು ಸಲ ದುಡ್ಡು ಕೊಡುವುದು ಯಾವ ನ್ಯಾಯ?

ನಾವು ಯಾವುದನ್ನೂ ಬಿಟ್ಟಿ ಕೇಳುತ್ತಿಲ್ಲ. ಹಳೆಯ ಬೀದಿಗಳ ಜನ ತಮ್ಮ ಕೊಳವೆಗೆ ಎಂದೋ ದುಡ್ಡು ಕೊಟ್ಟಾಗಿದೆ. ನಮ್ಮ ಬೀದಿ ಅಗೆದ ಖರ್ಚು ಅವರ ನೀರಿನ ಬಿಲ್ಲಿಗೆ ಸೇರುವುದು ನಮಗೂ ಬೇಡ. ಮನೆಯಿಂದ ಬೀದಿಯ ಕೊಳವೆಯವರೆಗಿನ ಖರ್ಚು ಮನೆಯವರದು, ಅದನ್ನು ಒಪ್ಪುತ್ತೇವೆ. ಬಡಾವಣೆಯ ಒಳಗಿನ ಕೊಳವೆ ಮತ್ತು ಅಲ್ಲಿಂದ ಮುಖ್ಯ ಕೊಳವೆಯವರೆಗಿನ ಜೋಡಣೆ ಬಡಾವಣೆ ಮಾಡಿ ಮಾರುವವರದು. ಆ ಖರ್ಚು ಮನೆಯ ಬೆಲೆಯಲ್ಲೇ ಸೇರಿರುತ್ತದೆ, ಕೊಳ್ಳುವವರಿಗೆ ಅದು ಮೊದಲೇ ಗೊತ್ತಿರುತ್ತದೆ.

ನಿಜವಾದ ತೊಡಕು ಇರುವುದು ಕೊಳವೆಯ ಅಳತೆಯಲ್ಲಿ. ನಮ್ಮ ಆಚೆಗೂ ಖಾಲಿ ಜಾಗ ಇದೆ. ನಾಳೆ ಅಲ್ಲೂ ಮನೆಗಳು ಬರುತ್ತವೆ. ಈಗ ನಮಗೆ ಸಾಕಾಗುವಷ್ಟೇ ಸಣ್ಣ ಕೊಳವೆ ಹಾಕಿದರೆ ಆಗ ಇದೇ ರಸ್ತೆಯನ್ನು ಮತ್ತೆ ಅಗೆಯಬೇಕು. ಅದೇ ಇಳಿಜಾರಿನಲ್ಲಿ ಕೊಳವೆಯ ಅಗಲ ಎರಡು ಪಟ್ಟಾದರೆ ಅದು ಸಾಗಿಸುವ ನೀರು ಸುಮಾರು 6 ಪಟ್ಟಾಗುತ್ತದೆ. ಖರ್ಚು ಮಾತ್ರ ಆ ಲೆಕ್ಕದಲ್ಲಿ ಏರುವುದಿಲ್ಲ. ಕಂದಕ ತೋಡುವುದು, ಮಣ್ಣು ಕುಸಿಯದಂತೆ ತಡೆಯುವುದು, ರಸ್ತೆ ಮತ್ತೆ ಮಾಡುವುದು, ಇವೆಲ್ಲ ಕೊಳವೆ ಸಣ್ಣದಿದ್ದರೂ ಮಾಡಲೇಬೇಕಾದ ಕೆಲಸ.

ಹಾಗಂತ ಸುಮ್ನೆ ದೊಡ್ಡದು ಹಾಕಿದರೂ ತೊಂದರೆ. ಒಳಚರಂಡಿಯಲ್ಲಿ ನೀರು ದಿನಕ್ಕೊಮ್ಮೆಯಾದರೂ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಿ ಹರಿಯಬೇಕು. ಕೊಳವೆ ದೊಡ್ಡದಿದ್ದು ನೀರು ಕಡಿಮೆ ಬಂದರೆ ಆ ವೇಗ ಸಿಗುವುದಿಲ್ಲ, ಹೊಲಸು ತಳದಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಮನೆ ಕಡಿಮೆ ಇರುವ ಮೊದಲ ವರ್ಷಗಳಲ್ಲಿ ಇದು ಜಾಸ್ತಿ. ಆದ್ದರಿಂದ ಅಳತೆಯನ್ನು ತಮ್ಮ ಎಂಜಿನಿಯರ್‌ಗಳೇ ಲೆಕ್ಕ ಹಾಕಿ ಹೇಳಬೇಕು.

"ಬೇರೆಯವರ ಬಡಾವಣೆಗೆ ನಾನ್ಯಾಕೆ ದೊಡ್ಡ ಕೊಳವೆ ಹಾಕಲಿ?" ಎಂದು ಡೆವಲಪರ್ ಕೇಳಬಹುದು. ಅದು ಸರಿಯಾದ ಪ್ರಶ್ನೆಯೇ. ಹೆಚ್ಚುವರಿ ಅಳತೆಯ ಖರ್ಚನ್ನು ಈಗ ನಗರಾಡಳಿತ ಕೊಟ್ಟು, ಮುಂದೆ ಆ ಕೊಳವೆಗೆ ಸೇರುವವರಿಂದ ಅವರವರ ಪಾಲು ವಸೂಲು ಮಾಡಲಿ. ಇಲ್ಲವೇ ಡೆವಲಪರ್ ಈಗ ಕೊಟ್ಟು, ಆಮೇಲೆ ಬರುವವರಿಂದ ವಾಪಸು ಪಡೆಯಲಿ. ಇದು ಹೊಸ ಯೋಚನೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹೀಗೆ ಹಣ ಮರಳಿಸುವ ಕಾನೂನು 1959ರಲ್ಲೇ ಬಂದಿದೆ.

ಪಂಪಿನ ಮಾತನ್ನು ಎಲ್ಲರೂ ಮರೆಯುತ್ತಾರೆ. ಕುಡಿಯುವ ನೀರು ಒತ್ತಡದಿಂದ ಏರು ಹತ್ತುತ್ತದೆ. ಒಳಚರಂಡಿಗೆ ಇಳಿಜಾರೇ ಬೇಕು. ತಗ್ಗಿನಲ್ಲಿರುವ ಬಡಾವಣೆಯ ಕೊಳಚೆ ನೀರನ್ನು ಪಂಪಿನಿಂದ ಎತ್ತಬೇಕು. ಆ ಪಂಪಿನ ಕರೆಂಟು, ರಿಪೇರಿ, ಕಾವಲು ಎಂದಿಗೂ ಮುಗಿಯದ ಖರ್ಚು. ಅದನ್ನು ಯಾರು ಕೊಡಬೇಕು ಎನ್ನುವುದು ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಬರವಣಿಗೆಯಲ್ಲಿ ಇರಬೇಕು. ಕರೆಂಟು ಹೋದ ದಿನ ಮ್ಯಾನ್‌ಹೋಲ್ ಉಕ್ಕಿದ ಮೇಲೆ ಹುಡುಕುವ ಉತ್ತರ ಅದಲ್ಲ.

ಇನ್ನು ಕೆಲಸದ ಗುಣಮಟ್ಟ. ನೀರಿನ ಕೊಳವೆ ಒಳಚರಂಡಿಯಿಂದ ಸಾಕಷ್ಟು ದೂರದಲ್ಲಿ, ಅದಕ್ಕಿಂತ ಮೇಲೆ ಇದೆಯೇ ಎನ್ನುವುದು ಮಣ್ಣು ಮುಚ್ಚಿದ ಮೇಲೆ ಕಾಣುವುದಿಲ್ಲ. ನೀರಿನ ಒತ್ತಡ ಇಳಿದಾಗ ಸಣ್ಣ ಬಿರುಕೂ ಹೊರಗಿನ ಕೊಳಕನ್ನು ಒಳಗೆ ಎಳೆಯುತ್ತದೆ. ಅದನ್ನು ಕುಡಿಯುವವರು ನಮ್ಮ ಮಕ್ಕಳು. ಮಣ್ಣು ಮುಚ್ಚುವ ಮೊದಲೇ ತಮ್ಮವರು ಬಂದು ನೋಡಲಿ. ಹಸ್ತಾಂತರಕ್ಕೆ ಮುಂಚೆ ನೀರಿನ ಕೊಳವೆಗೆ ಒತ್ತಡದ ಪರೀಕ್ಷೆ, ಒಳಚರಂಡಿಗೆ ಕ್ಯಾಮೆರಾ ಪರೀಕ್ಷೆ ಆಗಲಿ. ಹಾಕಿದ್ದು ಹಾಕಿದಂತೆ ತೋರಿಸುವ ನಕ್ಷೆಯನ್ನು ಡೆವಲಪರ್‌ ಕಡೆಯಿಂದ ಪಡೆಯಿರಿ. ಹಸ್ತಾಂತರದ ನಂತರವೂ 2 ವರ್ಷ ಬ್ಯಾಂಕ್ ಗ್ಯಾರಂಟಿ ಇಟ್ಟುಕೊಳ್ಳಿ. ದೋಷ ಕಂಡರೆ ಆ ಹಣದಿಂದಲೇ ಸರಿಪಡಿಸಬಹುದು.

ನಮ್ಮ ಬಡಾವಣೆಯ ವಿಷಯದಲ್ಲಿ, ಮನೆಗಿಷ್ಟು ಎಂದು ವಸೂಲು ಮಾಡುವ ಯೋಚನೆಯನ್ನು ಈಗಲೇ ತಡೆಹಿಡಿಯಿರಿ. ಡೆವಲಪರ್, ತಮ್ಮ ಎಂಜಿನಿಯರ್‌ಗಳು ಮತ್ತು ನಮ್ಮನ್ನು ಒಟ್ಟಿಗೆ ಕೂರಿಸಿ 30 ದಿನಗಳ ಒಳಗೆ ಸಭೆ ಕರೆಯಿರಿ. ಮೂಲ ಕರಾರು, ಮಂಜೂರಾದ ನಕ್ಷೆ ಎರಡನ್ನೂ ಅಲ್ಲಿ ಮೇಜಿನ ಮೇಲಿಡಲಿ. ನಮ್ಮ ಕರಾರಿನ ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇವೆ. ಮುಂದೆ ಬರುವ ಬಡಾವಣೆಗಳಲ್ಲಿ ಮುಖ್ಯ ಕೊಳವೆಗೆ ಜೋಡಣೆ ಮುಗಿಯುವ ತನಕ ಒಂದು ಮನೆಯನ್ನೂ ಮಾರಲು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ಸಮಸ್ತ ನಿವಾಸಿಗಳು