ಹೊರಡು, ಆದರೆ ಮನೆ ಮಾರಬೇಡ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಓದಿದೆ. ಮನೆ ಮಾರಿ, ಬಂದ ಹಣದಲ್ಲಿ ಪಿಕಪ್ ಟ್ರಕ್ಕಿನ ಬೆನ್ನಿಗೆ ಸಿಕ್ಕಿಸಿ ಎಳೆದೊಯ್ಯುವ ಮನೆಯನ್ನು, ಅಂದರೆ ದೊಡ್ಡದೊಂದು ಫಿಫ್ತ್ ವೀಲ್ ಟ್ರೇಲರನ್ನು ಕೊಂಡು, ಇನ್ನುಳಿದ ಬದುಕನ್ನು ಅಮೆರಿಕದ ರಸ್ತೆಗಳಲ್ಲೇ ಕಳೆಯುವುದೆಂದು ನೀನು ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿದ್ದೀಯ. ಕೆಲವು ವರ್ಷಗಳಿಂದ ಹೀಗೇ ಬದುಕುತ್ತಿರುವ ನಾನು ಹೂಂ ಎನ್ನದೆ ಇರಲಾರೆ ಎಂಬ ಧೈರ್ಯ ನಿನಗೆ. ಹೂಂ ಎನ್ನುತ್ತೇನೆ, ಹೊರಡು. ಮನೆಯ ಮಾರಾಟಪತ್ರಕ್ಕೆ ಮಾತ್ರ ಈಗಲೇ ಸಹಿ ಹಾಕಬೇಡ. ಹೊರಡುವುದೂ ಮಾರುವುದೂ ಒಂದೇ ನಿರ್ಧಾರ ಎಂಬಂತೆ ನೀನು ಬರೆದಿದ್ದೀಯ. ಅಲ್ಲಿಯೇ ನನ್ನ ತಕರಾರು.

2021ರ ಆರಂಭದಲ್ಲಿ ನೀನು ಗೃಹಸಾಲವನ್ನು ಹೊಸ ಬಡ್ಡಿಗೆ ಬದಲಾಯಿಸಿಕೊಂಡು ಎಷ್ಟು ಬೀಗಿದ್ದೆ ಎಂಬುದು ನೆನಪಿದೆಯೇ? ಆ ಜನವರಿಯಲ್ಲಿ ಮೂವತ್ತು ವರ್ಷವೂ ಬಡ್ಡಿ ಬದಲಾಗದ ಸಾಲದ ಸರಾಸರಿ ಬಡ್ಡಿ ಶೇ 2.65ಕ್ಕೆ ಇಳಿದಿತ್ತು. ಗೃಹಸಾಲದ ಬಡ್ಡಿಯ ಲೆಕ್ಕವಿಡುವ ಫ್ರೆಡ್ಡಿ ಮ್ಯಾಕ್ ಸಂಸ್ಥೆಯ ಪ್ರಕಾರ ಅದಕ್ಕಿಂತ ಕೆಳಗೆ ಎಂದೂ ಹೋದದ್ದಿಲ್ಲ. 2023ರ ಅಕ್ಟೋಬರಿನಲ್ಲಿ ಅದೇ ಬಡ್ಡಿ ಶೇ 7.79 ಮುಟ್ಟಿತು. ಮನೆ ಮಾರಿದ ದಿನ ಆ ಅಗ್ಗದ ಸಾಲವೂ ಕೈಬಿಟ್ಟುಹೋಗುತ್ತದೆ. ಎರಡು ಚಳಿಗಾಲ ಕಳೆದು ಮನಸ್ಸು ತಿರುಗಿದರೆ ಅದೇ ಬೀದಿಯಲ್ಲಿ ಅಂಥದೇ ಮನೆ ಸಿಗಬಹುದು, ಅಂಥ ಬಡ್ಡಿ ಸಿಗುವುದಿಲ್ಲ. ಟ್ರೇಲರಿನ ಕಥೆ ಬೇರೆ. ಅದನ್ನು ಯಾವಾಗ ಬೇಕಾದರೂ ಕೊಳ್ಳಬಹುದು, ನಷ್ಟ ನುಂಗಲು ತಯಾರಿದ್ದರೆ ಯಾವಾಗ ಬೇಕಾದರೂ ಮಾರಬಹುದು. ನಷ್ಟವಂತೂ ಖಂಡಿತ, ಹೊಸ ಗಾಡಿಯ ಬೆಲೆ ಅಂಗಡಿಯ ಗೇಟು ದಾಟುತ್ತಲೇ ಬೀಳತೊಡಗುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಮಾರಿ ನೋಡು ಎಂದು ಯಾರನ್ನೂ ಹುರಿದುಂಬಿಸಲಿಲ್ಲ.

ತೆರಿಗೆಗೆ ಹೆದರಿ ಈಗಲೇ ಮಾರಬೇಕು ಎಂದು ಬರೆದಿದ್ದೀಯಲ್ಲ, ಆ ಹೆದರಿಕೆ ಬೇಡ. ಮಾರಾಟಕ್ಕೆ ಹಿಂದಿನ ಐದು ವರ್ಷಗಳಲ್ಲಿ ಒಟ್ಟು ಎರಡು ವರ್ಷ ಆ ಮನೆ ನಿಮ್ಮದಾಗಿದ್ದು, ನೀವು ಅದರಲ್ಲಿ ವಾಸಿಸಿದ್ದರೆ ಗಂಡಹೆಂಡತಿಗೆ ಸೇರಿ 5,00,000 ಡಾಲರುಗಳವರೆಗಿನ ಲಾಭಕ್ಕೆ ಫೆಡರಲ್ ತೆರಿಗೆಯಿಲ್ಲ. ಒಬ್ಬರೇ ಆದರೆ 2,50,000. ಅಂದರೆ ಇಂದು ಮನೆ ಬಿಟ್ಟು ಹೊರಟರೂ ಸುಮಾರು ಮೂರು ವರ್ಷ ಅದನ್ನು ಬಾಡಿಗೆಗೆ ಕೊಟ್ಟು, ಆಮೇಲೆ ಮಾರಿ, ಇದೇ ವಿನಾಯಿತಿ ಪಡೆಯಬಹುದು. ಬಾಡಿಗೆಯ ವರ್ಷಗಳಲ್ಲಿ ಮನೆ ಹಳತಾದುದಕ್ಕೆ ಸವಕಳಿಯೆಂದು ಆದಾಯದಿಂದ ಕಳೆದು ತೋರಿಸಿದ ಮೊತ್ತಕ್ಕೆ ಮಾತ್ರ ಮಾರುವಾಗ ತೆರಿಗೆ ಕಟ್ಟಬೇಕು. ಕಾನೂನೇ ಮೂರು ವರ್ಷ ಯೋಚಿಸು ಎಂದು ಅವಕಾಶ ಕೊಟ್ಟಿರುವಾಗ ಮೂರು ವಾರದಲ್ಲಿ ಮುಗಿಸುವ ಆತುರ ಏಕೆ?

ಬಾಡಿಗೆಯ ಕಿರಿಕಿರಿ ಇಲ್ಲವೆಂದು ನಾನು ಹೇಳುವುದಿಲ್ಲ. ನೀನು ಮೊಂಟಾನದ ಕಾಡಿನಲ್ಲಿದ್ದಾಗಲೇ ನಿನ್ನ ಮನೆಯ ಬಾಯ್ಲರ್ ಸೋರುತ್ತದೆ, ಬಾಡಿಗೆದಾರರ ಕರೆ ಬರುತ್ತದೆ. ಮನೆಯ ವಿಮೆಯನ್ನು ಬಾಡಿಗೆ ಮನೆಯ ವಿಮೆಗೆ ಬದಲಾಯಿಸಬೇಕು. ಹಳೆಯ ರಾಜ್ಯದಲ್ಲಿ ಮನೆ ಉಳಿಸಿಕೊಂಡವನು ನಿಜವಾಗಿ ರಾಜ್ಯ ಬಿಟ್ಟಿದ್ದಾನೆಯೇ ಎಂದು ಅಲ್ಲಿನ ತೆರಿಗೆ ಇಲಾಖೆ ಪ್ರಶ್ನಿಸಲೂಬಹುದು. ಇಷ್ಟೆಲ್ಲ ಕೂಡಿಸಿದರೂ ಮರಳುವ ದಾರಿಗೆ ಇದು ದುಬಾರಿ ಬೆಲೆಯಲ್ಲ. ಮನೆ ಮಾರದಿದ್ದರೆ ಟ್ರೇಲರಿಗೆ ಹಣವಿಲ್ಲ ಎನ್ನುತ್ತೀಯಾದರೆ ಚಿಕ್ಕದನ್ನು, ಹಳೆಯದನ್ನು ಕೊಳ್ಳು. ಹೊಸದರಲ್ಲಿ ರಿಪೇರಿ ಇರುವುದಿಲ್ಲ ಎಂದು ನಿನಗೆ ಯಾರು ಹೇಳಿದರೋ ಕಾಣೆ. ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಈ ದೇಶದ ಬಹುಪಾಲು ಚಲಿಸುವ ಮನೆಗಳು, ಅಂದರೆ ಆರ್‌ವಿಗಳು ತಯಾರಾಗುತ್ತವೆ, ಬೇಗಬೇಗನೆ ತಯಾರಾಗುತ್ತವೆ. ಹೆದ್ದಾರಿಯಲ್ಲಿ ಹೋಗುವಷ್ಟು ಹೊತ್ತೂ ಒಳಗಿನ ಕಪಾಟು, ಕೊಳವೆ, ತಿರುಪುಗಳಿಗೆಲ್ಲ ಸಣ್ಣದೊಂದು ಭೂಕಂಪ. ವಾರಂಟಿಯ ಪುಸ್ತಕವನ್ನು ಕೊನೆಯ ಪುಟದವರೆಗೂ ಓದು. ವರ್ಷವಿಡೀ ವಾಸಕ್ಕೆ ಬಳಸಿದರೆ ಅನ್ವಯಿಸುವುದಿಲ್ಲ ಎಂದು ಬರೆದಿರುವ ತಯಾರಕರು ಹಲವರಿದ್ದಾರೆ. ಗಾಡಿ ರಿಪೇರಿಗೆ ಹೋದ ದಿನ ಮನೆಯೇ ಗ್ಯಾರೇಜಿಗೆ ಹೋದಂತೆ, ಆ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದೂ ಖರ್ಚಿನ ಲೆಕ್ಕದಲ್ಲಿರಲಿ.

ನೀರಿನ ತೊಟ್ಟಿ, ಬಚ್ಚಲ ನೀರಿನ ತೊಟ್ಟಿ, ಶೌಚದ ತೊಟ್ಟಿ ಇವಕ್ಕೆಲ್ಲ ಬೇಗ ಒಗ್ಗಿಹೋಗುತ್ತೀಯ, ಅದನ್ನು ವರ್ಣಿಸಿ ನಿನ್ನ ಊಟ ಕೆಡಿಸುವುದಿಲ್ಲ.

ನೀನು ಒಂದು ಸಾಲೂ ಬರೆಯದ ವಿಷಯ ಆರೋಗ್ಯ ವಿಮೆ. ನನ್ನ ಪ್ರಕಾರ ಈ ಬದುಕು ನಡೆಯುತ್ತದೋ ನಿಲ್ಲುತ್ತದೋ ಎಂಬುದು ಡೀಸೆಲ್‌ಗಿಂತ ಹೆಚ್ಚಾಗಿ ಇದರ ಮೇಲಿದೆ. ಅರವತ್ತೈದಕ್ಕೆ ಮೊದಲು ಕೆಲಸ ಬಿಟ್ಟರೆ ವಿಮೆಯನ್ನು ನೀನೇ ಕೊಳ್ಳಬೇಕು. ಹಾಗೆ ಕೊಳ್ಳುವ ಯೋಜನೆಗಳಲ್ಲಿ ಹೆಚ್ಚಿನವು ಒಂದು ರಾಜ್ಯದ, ಎಷ್ಟೋ ಸಲ ಕೆಲವೇ ಕೌಂಟಿಗಳ, ಅಂದರೆ ಜಿಲ್ಲೆಗಳ, ಆಸ್ಪತ್ರೆಗಳಿಗೆ ಅಂಟಿಕೊಂಡಿರುತ್ತವೆ. ಬೇರೆ ರಾಜ್ಯದಲ್ಲಿ ತುರ್ತು ಚಿಕಿತ್ಸೆಗೆ ರಕ್ಷಣೆ ಇರುತ್ತದೆ, ಆದರೆ ನಿನ್ನ ಮನೆಯವರ ಥೈರಾಯ್ಡ್ ತಪಾಸಣೆ ತುರ್ತು ಚಿಕಿತ್ಸೆಯಲ್ಲ. ಅರವತ್ತೈದರ ನಂತರ, ಹಿರಿಯರಿಗೆ ಸರ್ಕಾರವೇ ನಡೆಸುವ ಆರೋಗ್ಯ ವಿಮೆಯಾದ ಮೂಲ ಮೆಡಿಕೇರ್ ಆರಿಸಿಕೊಂಡವರಿಗೆ, ಮೆಡಿಕೇರ್ ಒಪ್ಪುವ ವೈದ್ಯರು ದೇಶದಲ್ಲಿ ಎಲ್ಲಿದ್ದರೂ ನಡೆಯುತ್ತದೆ. ಅದರ ಬದಲು ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳಲ್ಲಿ ಮತ್ತೆ ಊರಿನ ಬೇಲಿ.

ವಿಮೆಯ ಬೆನ್ನಿಗೇ ಬರುವುದು ವಿಳಾಸ. ವರ್ಷವಿಡೀ ರಸ್ತೆಯಲ್ಲಿರುವವರಲ್ಲಿ ಬಹಳ ಮಂದಿ ಸೌತ್ ಡಕೋಟ, ಟೆಕ್ಸಸ್ ಅಥವಾ ಫ್ಲಾರಿಡಾವನ್ನು ಕಾನೂನಿನ ನೆಲೆಯಾಗಿ ಆರಿಸಿಕೊಳ್ಳುತ್ತಾರೆ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆಯಿಲ್ಲ, ಅಂಚೆಯನ್ನು ನಾವಿದ್ದಲ್ಲಿಗೆ ಕಳುಹಿಸುವ ಸಂಸ್ಥೆಗಳೂ ಇವೆ. ಯಾವ ರಾಜ್ಯವನ್ನು ಆರಿಸುತ್ತೀಯೋ ಅಲ್ಲಿ ಯಾವ ಆರೋಗ್ಯ ವಿಮೆ ಸಿಗುತ್ತದೆ ಎಂದು ಮೊದಲು ನೋಡು, ತೆರಿಗೆಯ ಮಾತು ಆಮೇಲೆ. ನಿನ್ನದು ಪೌರತ್ವವಾಯಿತು, ನಿನ್ನ ಮನೆಯವರದು ಇನ್ನೂ ಗ್ರೀನ್ ಕಾರ್ಡ್. ವಾಸದ ವಿಳಾಸ ಬದಲಾದ ಹತ್ತು ದಿನಗಳೊಳಗೆ ಅವರು ವಲಸೆ ಇಲಾಖೆಗೆ ತಿಳಿಸಬೇಕು. ಸದಾ ಚಲಿಸುವ ಮನೆಗೆ ಆ ಅರ್ಜಿಯಲ್ಲಿ ಏನು ಬರೆಯಬೇಕೆಂದು ಹೊರಡುವ ಮೊದಲೇ ವಲಸೆ ವಕೀಲರನ್ನು ಕೇಳಿಕೊಳ್ಳಿ.

ನಿನ್ನ ಮನೆಯವರ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಿನ್ನ ಪತ್ರದ ತುಂಬ ನಾನು, ನನ್ನ, ನನಗೆ. ಅವರು "ನಿಮಗೆ ಹೇಗೆ ತೋರುತ್ತದೋ ಹಾಗೆ" ಎಂದರಂತೆ. ನನಗೇನೋ ಅದು ಒಪ್ಪಿಗೆಯಾಗಿ ಕೇಳಿಸಲಿಲ್ಲ. ಕೊಳ್ಳುವ ಮೊದಲು ಬಾಡಿಗೆ ಆರ್‌ವಿಯೊಂದನ್ನು ಹಿಡಿದು ಇಬ್ಬರೂ ಒಂದು ತಿಂಗಳು ಇದ್ದು ನೋಡಿ. ಅದು ಅಕ್ಟೋಬರಿನ ಬಣ್ಣದ ಎಲೆಗಳ ಕಾಲವಾಗದೆ ಫೆಬ್ರುವರಿಯಾಗಲಿ. ಮಳೆ ಹಿಡಿದು ನಾಲ್ಕು ದಿನ ಹೊರಗೆ ಕಾಲಿಡಲಾಗದೆ ಇಬ್ಬರೂ ಎದುರುಬದುರು ಕುಳಿತಾಗ ಅವರು ಏನು ಹೇಳುತ್ತಾರೋ ಅದನ್ನು ನನಗೆ ಬರೆ.

ಜನವರಿಯಲ್ಲಿ ನಾನು ಅರಿಜೋನಾದ ಕ್ವಾರ್ಟ್ಜ್‌ಸೈಟ್ ಬಳಿಯ ಮರುಭೂಮಿಯಲ್ಲಿರುತ್ತೇನೆ. ಸುತ್ತಲೂ ಸರ್ಕಾರಿ ಭೂಮಿ, ಚಳಿಗಾಲದಲ್ಲಿ ಕಣ್ಣು ಹಾಯಿಸಿದಷ್ಟೂ ಗಾಡಿಗಳು. ನಿನ್ನ ಹಾಗೆ ಮನೆ ಮಾರಿ ಬಂದವರೂ ಇರುತ್ತಾರೆ, ನನ್ನ ಹಾಗೆ ಉಳಿಸಿಕೊಂಡವರೂ ಇರುತ್ತಾರೆ. ಇಬ್ಬರೂ ಬನ್ನಿ, ಅವರನ್ನೇ ಕೇಳಿ. ಒಂದು ವಾರ ನಿಲ್ಲುವ ಹಾಗೆ ಬನ್ನಿ, ಮೊದಲ ಎರಡು ದಿನ ಎಲ್ಲರೂ ಸೂರ್ಯಾಸ್ತದ ಬಗ್ಗೆಯೇ ಮಾತನಾಡುತ್ತಾರೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ನಿನ್ನ ಟ್ರಕ್ಕಿಗೆ ಆ ಟ್ರೇಲರ್ ಏನೂ ಭಾರವಲ್ಲ ಎಂದು ಮಾರುವವನು ಹೇಳಿದನಂತೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಟಯರು ಮತ್ತು ಹೊರೆಯ ವಿವರ ಬರೆದ ಚೀಟಿ ಅಂಟಿಸಿರುತ್ತದೆ. ಜನ, ಸಾಮಾನು ಎಲ್ಲ ಸೇರಿ ಎಷ್ಟು ಪೌಂಡ್ ಮೀರಬಾರದೆಂದು ಅದರಲ್ಲಿದೆ. ಫಿಫ್ತ್ ವೀಲ್ ಟ್ರೇಲರಿನ ತೂಕದಲ್ಲಿ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗ ಟ್ರಕ್ಕಿನ ಬೆನ್ನ ಮೇಲೇ ಕೂರುತ್ತದೆ. ಆ ಚೀಟಿಯ ಫೋಟೋ ಕಳುಹಿಸು, ಲೆಕ್ಕ ಹಾಕಿ ಹೇಳುತ್ತೇನೆ. ಅದಕ್ಕೆ ಮುನ್ನ ಮುಂಗಡ ಕೊಡಬೇಡ.

ಇಂತಿ ನಿನ್ನ ಗೆಳೆಯ