ಬೇಸ್ ಗಿಟಾರ್ ಬಿಟ್ಟು ಹೋದ ಗುಂಡನಿಗೆ

ಲೋ ಗುಂಡ,

ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಎರಡು ನೀಲಿ ಗೆರೆ ಬಿಸಾಕಿ ಸುಮ್ಮನಾಗ್ತೀಯ. ಅದಕ್ಕೇ ಊರೆಲ್ಲ ನೋಡೋ ಹಾಗೆ ಇಲ್ಲಿ ಬರೀತಿದ್ದೀನಿ. (ಓದ್ತಿರೋ ಮಿಕ್ಕವರಿಗೆ: ಇವನೀಗ ಮ್ಯೂನಿಕ್‌ನಲ್ಲಿದ್ದಾನೆ. ಶೆಟ್ರ ಅಂಗಡಿ ಬಾಕಿ ಇನ್ನೂ ತೀರಿಸಿಲ್ಲ.)

ಬ್ಯಾಂಡ್ ಬದುಕಿದೆ ಮಾರಾಯ. ಹೆಸರು ಮಾತ್ರ ಇನ್ನೂ ಇಟ್ಟಿಲ್ಲ. ನೀನು ಹೇಳಿದ್ದ ‘ಆ’ ಹೆಸರು ಡ್ರಮ್ಮರ್ ಹುಡುಗನ ಅಜ್ಜಿ ಕಿವಿಗೆ ಬಿದ್ದು ದೊಡ್ಡ ಗಲಾಟೆ ಆಯ್ತು. 2011ರ ಅಕ್ಟೋಬರ್ 30, ಅರಮನೆ ಮೈದಾನ, ನೆನಪಿದೆಯಾ? ದಿಲ್ಲಿ ಕಡೆಯ ಶೋ ರದ್ದಾಗಿ, ಇಲ್ಲಾದ್ರೂ ಆಗುತ್ತೋ ಇಲ್ವೋ ಅಂತ ಎದೆ ಹಿಡ್ಕೊಂಡು ಹೋಗಿ, ಕೆಸರಲ್ಲಿ ನಿಂತು ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾನ ನೋಡಿದ್ವಲ್ಲ. ವಾಪಸ್ ಬರ್ತಾ ‘ನಾವೂ ಒಂದು ಬ್ಯಾಂಡ್ ಕಟ್ಟೋಣ ಮಗಾ’ ಅಂದಿದ್ದು ನೀನೇ. ಆಗ ಈ ಡ್ರಮ್ಮರ್ ಯುಕೆಜಿ.

ಶುರುವಿಗೆ ಶರೀಫಜ್ಜನ ತತ್ವಪದಕ್ಕೆ ಡಿಸ್ಟಾರ್ಷನ್ (ಗಿಟಾರ್ ಸದ್ದನ್ನ ಒರಟು ಮಾಡೋ ಎಫೆಕ್ಟು) ಹಾಕಿ ನೋಡಿದ್ವಿ. ರಘು ದೀಕ್ಷಿತ್ ಹಾಡಿ ಬಿಟ್ಟ ಮೇಲೆ ಅಲ್ಲಿ ನಮಗೇನೂ ಉಳಿದಿಲ್ಲ, ಏನು ಮಾಡಿದ್ರೂ ಅದೇ ಥರ ಕೇಳುತ್ತೆ. ಹಾಗಾಗಿ ಬೋರ್‌ವೆಲ್ ಬಗ್ಗೆ ಒಂದು ಸ್ವಂತ ಹಾಡು. ಬೆಂಗಳೂರಲ್ಲಿ ಸಾವಿರ ಅಡಿ ಕೊರೆದ್ರೂ ಧೂಳು ಬರೋದು ನೋಡಿದವರಿಗೆ ಬೇರೆ ಹೆವಿ ಮೆಟಲ್ ಯಾಕೆ? ರಿಗ್ ಲಾರಿಯ ಸದ್ದನ್ನೇ ಗಿಟಾರ್ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ತುಣುಕು, ಮಾಡಿದ್ದೀವಿ, ಇ ಸ್ವರದ ದಪ್ಪ ತಂತಿಯನ್ನ ಡಿ ಸ್ವರಕ್ಕೆ ಇಳಿಸಿ.

ತಾಲೀಮು ಮೊದಲು ಹುಡುಗನ ಮನೆ ಮಹಡಿ ರೂಮಲ್ಲಿ. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ರೆ ಸದ್ದು ಹೊರಗೆ ಹೋಗಲ್ಲ ಅಂತ ಯಾರೋ ನಂಬಿಸಿದ್ರು. ಆ ಹಗುರ ರಟ್ಟು ಒಳಗಿನ ಪ್ರತಿಧ್ವನಿಯನ್ನ ಒಂಚೂರು ಕಮ್ಮಿ ಮಾಡುತ್ತೆ, ಅಷ್ಟೇ. ಕಾಲಲ್ಲಿ ಬಾರಿಸೋ ಕಿಕ್ ಡ್ರಮ್ಮು, ಬೇಸು ಸೀದಾ ಗೋಡೆ ದಾಟಿ ಕೆಳಗಿನ ಮನೆಯ ಪಾತ್ರೆ ಸ್ಟ್ಯಾಂಡನ್ನೂ ತಾಳಕ್ಕೆ ಸೇರಿಸ್ಕೊಳ್ತಿದ್ವು. ಈಗ ಗಂಟೆ ಲೆಕ್ಕದ ಜಾಮ್ ರೂಮು. ಮುಗಿಯೋಕೆ ಹತ್ತು ನಿಮಿಷ ಇರುವಾಗ್ಲೇ ಮುಂದಿನ ಹುಡುಗರು ಗಾಜಿನಾಚೆ ನಿಂತು ದಿಟ್ಟಿಸ್ತಾರೆ.

ಈಗ ವಿಷಯಕ್ಕೆ ಬರ್ತೀನಿ. ನಾನು ಕಳಿಸಿದ್ದ ನಮ್ಮ ಹಾಡಿನ ತುಣುಕು ಕೇಳಿ ‘ಬೇಸ್ ಎಲ್ಲೋ?’ ಅಂತ ಒಂದೇ ಸಾಲು ಬರೆದಿದ್ದೆಯಲ್ಲ, ಅದಕ್ಕೆ ನಾನು ಫಿಸಿಕ್ಸ್ ಮೇಷ್ಟ್ರ ಥರ ಉತ್ತರ ಕೊಟ್ಟೆ. ಬೇಸಿನ ಕೆಳಗಿನ ಇ ತಂತಿ ಅಂದ್ರೆ ಸುಮಾರು 41 ಹರ್ಟ್ಜ್, ಫೋನ್ ಸ್ಪೀಕರ್ ಅಷ್ಟು ಕೆಳಗೆ ಇಳಿಯಲ್ಲ ಅಂತ. ಅದು ನಿಜವೇ. ಆದ್ರೆ ನೀನು ಕೇಳಿದ್ದು ಅದನ್ನಲ್ಲ ಅಂತ ನಂಗೆ ಗೊತ್ತಿತ್ತು.

ಬೇಸಿಗೆ ಹೊಸ ಹುಡುಗಿ ಬಂದಿದ್ದಾಳೆ. ಕಿಕ್ ಬಿದ್ದ ಕಡೆ ಸರಿಯಾಗಿ ಅವಳ ಸ್ವರ ಬೀಳುತ್ತೆ, ಮಧ್ಯೆ ಜಾಗ ಬಿಡ್ತಾಳೆ. ನೀನು ಕಡೇ ಬಸ್ ಹಿಡಿಯೋನ ಹಾಗೆ ಓಡ್ತಿದ್ದೆ, ನಾವು ಹಿಂದೆ ಹಿಂದೆ ಬರ್ತಿದ್ವಿ. ಹೇಳಿಬಿಡ್ತೀನಿ ಗುಂಡ, ನೀನು ಹೋದ ಮೇಲೆ ಬ್ಯಾಂಡ್ ಚೆನ್ನಾಗಿದೆ. ಮೊದಲ ದಿನ ಅವಳು ಬಾರಿಸಿದಾಗ ನಂಗೆ ಬೇಜಾರಾಗ್ಲಿಲ್ಲ, ಹಾಯೆನಿಸ್ತು.

ಇಷ್ಟಕ್ಕೇ ನಿಲ್ಲಿಸಬೇಕು ಅಂತಿದ್ದೆ. ಆದ್ರೆ ಹೋದ ಭಾನುವಾರ ನಾನು ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಗಿ ಹೋದೆ. ಒಳಗೆ ಬೋರ್‌ವೆಲ್ ಹಾಡು ನಡೀತಿತ್ತು. ನಾನು ಕಿರುಚೋ ಸಾಲನ್ನ ಅವಳು ಕೆಳಗಿನ ಶ್ರುತಿಯಲ್ಲಿ, ಮಾತಾಡೋ ಹಾಗೆ ಹಾಡ್ತಿದ್ಲು. ನನ್ನ ಗಿಟಾರ್ ಇಲ್ಲದ ಕಡೆ ಏನೂ ಖಾಲಿ ಅನಿಸ್ಲಿಲ್ಲ. ಬಾಗಿಲು ತೆಗೆದೆ, ನಿಲ್ಲಿಸಿದ್ರು. ‘ಬನ್ನಿ ಅಣ್ಣಾ, ನಿಮಗೇ ಕಾಯ್ತಿದ್ವಿ’ ಅಂದ್ರು. ಆ ‘ಅಣ್ಣಾ’ದಲ್ಲಿ ಎಷ್ಟು ಮರ್ಯಾದೆ ಇತ್ತು ಅಂದ್ರೆ, ರಾತ್ರಿ ನಿದ್ದೆ ಬರ್ಲಿಲ್ಲ. ಆ ತುಣುಕು ಕೇಳಿದ ದಿನ ನಿಂಗೂ ಹೀಗೇ ಆಯ್ತೇನೋ?

ಸರಿ ಬಿಡು, ಇಲ್ಲಿ ತುಂಬಾ ಜನ ಓದ್ತಿದ್ದಾರೆ, ನಮ್ಮತ್ತೆ ಆಗಲೇ ಲೈಕ್ ಕೊಟ್ಟಾಯ್ತು. ನನ್ನ ಜಾಗಕ್ಕೇನೂ ಅಪಾಯವಿಲ್ಲ. ಬ್ಯಾಂಡಲ್ಲಿ ಕಾರಿರೋದು ನನ್ನೊಬ್ಬನ ಹತ್ರ, ಡ್ರಮ್ ಸೆಟ್ಟು ಸ್ಕೂಟರ್ ಮೇಲೆ ಹೋಗಲ್ಲ. ಡಿಸೆಂಬರ್‌ನಲ್ಲಿ ಬಂದಾಗ ಮುಂದಿನ ಸೀಟು ನಿಂದೇ, ಡ್ರಮ್ ಸೆಟ್ಟಿನ ಸಿಂಬಲ್ ತಟ್ಟೆ ಮಾತ್ರ ತೊಡೆ ಮೇಲೆ ಇಟ್ಕೋಬೇಕು.

ನಿನ್ನ,
ಮೂರನೇ ಇಡ್ಲಿ